ಒಂದು ಪೆಟ್ಟಿಗೆ, ಹಲವು ಕಂಪ್ಯೂಟರ್: ವರ್ಚುವಲ್ ಮಷಿನ್‌ಗಳ ಲೈಸೆನ್ಸ್ ಲೆಕ್ಕ

ವರ್ಚುವಲ್ ಮಷಿನ್ ಎಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಮತ್ತೊಂದು ಕಂಪ್ಯೂಟರ್. ಅದಕ್ಕೆ ತನ್ನದೇ ಪ್ರೊಸೆಸರ್, ಮೆಮೊರಿ, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇದ್ದಂತೆ ತೋರುತ್ತದೆ. ನಿಜದಲ್ಲಿ ಅವೆಲ್ಲ ಕೆಳಗಿರುವ ಒಂದೇ ಯಂತ್ರದ ಪಾಲುಗಳು. ಈ ಪಾಲು ಮಾಡಿ ಹಂಚುವ ಸಾಫ್ಟ್‌ವೇರಿಗೆ ಹೈಪರ್‌ವೈಸರ್ ಎಂದು ಹೆಸರು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಒಂದು ಕಿಟಕಿ ತೆರೆದು ಅದರೊಳಗೆ ಲಿನಕ್ಸ್ ಓಡಿಸಬಹುದು. ಮ್ಯಾಕ್‌ನಲ್ಲಿ ವಿಂಡೋಸ್ ಓಡಿಸಬಹುದು. ಒಂದು ದೊಡ್ಡ ಸರ್ವರಿನಲ್ಲಿ ಹತ್ತಾರು ಸರ್ವರ್‌ಗಳನ್ನು ಕೂರಿಸಬಹುದು. ಒಳಗಿನ ಆಪರೇಟಿಂಗ್ ಸಿಸ್ಟಂಗೆ ತಾನು ಬೇರೊಬ್ಬರ ಮನೆಯೊಳಗೆ ಇದ್ದೇನೆಂಬುದು ಗೊತ್ತಾಗದಿದ್ದರೂ ಕೆಲಸ ನಡೆಯುತ್ತದೆ.

ಹಳೆಯ ಬೆಂಗಳೂರು, ಮೈಸೂರುಗಳ ವಠಾರವನ್ನು ನೆನಪಿಸಿಕೊಂಡರೆ ಇದರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನಿವೇಶನ ಒಂದೇ, ಬಾವಿ ಒಂದೇ, ಹೆಬ್ಬಾಗಿಲು ಒಂದೇ. ಒಳಗೆ ಸಾಲಾಗಿ ಮನೆಗಳು, ಒಂದೊಂದಕ್ಕೂ ತನ್ನದೇ ಒಲೆ, ತನ್ನದೇ ಬೀಗ. ಇಂಥ ವಠಾರಕ್ಕೆ ಕಂದಾಯ ಹಾಕಲು ಬಂದವರಿಗೆ ಒಂದು ಪ್ರಶ್ನೆ ಏಳುತ್ತದೆ: ನಿವೇಶನಕ್ಕೆ ಒಂದು ಕಂದಾಯವೋ, ಮನೆಮನೆಗೂ ಬೇರೆ ಬೇರೆಯೋ? ಆಪರೇಟಿಂಗ್ ಸಿಸ್ಟಂ ಮಾರುವ ಕಂಪನಿಗಳ ಮುಂದೆ ಬಂದ ಪ್ರಶ್ನೆಯೂ ಇದೇ. ಕಂಪ್ಯೂಟರ್ ಎಂದರೆ ಮೇಜಿನ ಮೇಲಿನ ಪೆಟ್ಟಿಗೆ ಎಂದು ನಂಬಿದ್ದ ಕಾಲದಲ್ಲಿ ಬರೆದ ಲೈಸೆನ್ಸ್ ಕರಾರುಗಳು, ಆ ಪೆಟ್ಟಿಗೆಯೊಳಗೆ ಹಲವು ಕಂಪ್ಯೂಟರ್‌ಗಳು ಹುಟ್ಟಿಕೊಂಡಾಗ ತಡವರಿಸಿದವು. ಆಮೇಲೆ ಬಂದ ಪ್ರತಿಯೊಂದು ಮಿತಿಯೂ ‘ಒಂದು’ ಎಂದರೆ ಯಾವುದು ಎಂಬ ಪ್ರಶ್ನೆಗೆ ಒಂದೊಂದು ಕಂಪನಿ ಕೊಟ್ಟ ಉತ್ತರ.

ವರ್ಚುವಲ್ ಮಷಿನ್ ಹೊಸ ಕಲ್ಪನೆಯೇನಲ್ಲ. ಐಬಿಎಂ ಕಂಪನಿ 1960ರ ದಶಕದಲ್ಲೇ ಇದರ ಮೇಲೆ ಕೆಲಸ ಮಾಡಿ, 1972ರಲ್ಲಿ ತನ್ನ ದೊಡ್ಡ ಮೇನ್‌ಫ್ರೇಮ್ ಯಂತ್ರಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಆದರೆ ಆಗ ಯಂತ್ರವೂ ಸಾಫ್ಟ್‌ವೇರೂ ಬಹುಪಾಲು ಒಂದೇ ಕಂಪನಿಯವು. ಸಾಮಾನ್ಯರಿಗೆ ಅದರ ಸಂಬಂಧವಿರಲಿಲ್ಲ. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ 1999ರಲ್ಲಿ ಸಾಮಾನ್ಯ ಪಿಸಿಯಲ್ಲೇ ಓಡುವ ವರ್ಕ್‌ಸ್ಟೇಷನ್ ಎಂಬ ಹೈಪರ್‌ವೈಸರ್ ಹೊರತಂದಾಗ ಚಿತ್ರ ಬದಲಾಯಿತು. 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ ತಮ್ಮ ಪ್ರೊಸೆಸರ್‌ಗಳಲ್ಲೇ ವರ್ಚುವಲ್ ಮಷಿನ್‌ಗೆ ನೆರವಾಗುವ ಸೌಲಭ್ಯ ಸೇರಿಸಿದವು. ತಂತ್ರಜ್ಞಾನದ ತೊಡಕು ಕಳೆದ ಮೇಲೆ ಉಳಿದದ್ದು ಕರಾರಿನ ತೊಡಕು.

ಮಾರಾಟವಲ್ಲ, ಅನುಮತಿ

ಅಂಗಡಿಯಲ್ಲಿ ಹಣ ಕೊಟ್ಟು ತಂದ ಆಪರೇಟಿಂಗ್ ಸಿಸ್ಟಂ ಕೊಂಡವರ ಸ್ವತ್ತಾಗುವುದಿಲ್ಲ. ಅವರಿಗೆ ಸಿಗುವುದು ಬಳಸುವ ಅನುಮತಿ, ಅಂದರೆ ಲೈಸೆನ್ಸ್. ಎಷ್ಟು ಕಡೆ, ಯಾವ ಯಂತ್ರದಲ್ಲಿ, ಯಾವ ಉದ್ದೇಶಕ್ಕೆ ಬಳಸಬಹುದೆಂಬುದನ್ನು ಅದರ ಜೊತೆಗಿರುವ ಕರಾರು ಹೇಳುತ್ತದೆ. ಇನ್‌ಸ್ಟಾಲ್ ಮಾಡುವಾಗ ಪರದೆಯ ಮೇಲೆ ಉದ್ದಕ್ಕೆ ಬಂದು, ಹೆಚ್ಚಿನವರು ಓದದೆ ‘ಒಪ್ಪಿದೆ’ ಎಂದು ಒತ್ತಿಬಿಡುವ ಪುಟಗಳೇ ಆ ಕರಾರು.

ಇದಕ್ಕೆ ಕಾನೂನಿನ ಬಲ ಬರುವುದು ಕೃತಿಸ್ವಾಮ್ಯದಿಂದ. ಸಾಫ್ಟ್‌ವೇರನ್ನು ಡಿಸ್ಕಿಗೆ ಹಾಕಿದರೆ ಒಂದು ನಕಲು ತಯಾರಾದಂತೆ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1993ರಲ್ಲಿ ಇನ್ನೂ ಮುಂದೆ ಹೋಗಿ, ಕಂಪ್ಯೂಟರ್ ಚಾಲೂ ಮಾಡಿದಾಗ ಸಾಫ್ಟ್‌ವೇರ್ ಮೆಮೊರಿಗೆ ಬಂದು ಕೂರುವುದೂ ನಕಲೇ ಎಂದು ಹೇಳಿತು. ಈ ದೃಷ್ಟಿಯಲ್ಲಿ ಒಂದೇ ಯಂತ್ರದಲ್ಲಿ ಒಂದೇ ಆಪರೇಟಿಂಗ್ ಸಿಸ್ಟಮಿನ ಮೂರು ವರ್ಚುವಲ್ ಮಷಿನ್‌ಗಳು ಓಡುತ್ತಿದ್ದರೆ ಅಲ್ಲಿರುವುದು ಮೂರು ನಕಲು. ಪೆಟ್ಟಿಗೆ ಒಂದೇ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯೇ ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಅನ್ವಯಿಸುತ್ತದೆ. ಕಾನೂನಿನ ಕಣ್ಣಿಗೆ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ನ್ಯಾಯವಾಗಿ ಪಡೆದವರು ಅದನ್ನು ಯಾವ ಉದ್ದೇಶಕ್ಕೆ ಪಡೆದರೋ ಆ ಉದ್ದೇಶಕ್ಕೆ ಬೇಕಾದ ನಕಲನ್ನೂ, ಕಳೆದುಹೋಗದಂತೆ ಕಾಪಿಡಲು ಬ್ಯಾಕಪ್ ನಕಲನ್ನೂ ಮಾಡಿಕೊಳ್ಳಬಹುದೆಂದು 52ನೇ ಸೆಕ್ಷನ್ ಹೇಳುತ್ತದೆ. ಹಾಗೆಯೇ, ಉಲ್ಲಂಘನೆಯ ನಕಲೆಂದು ತಿಳಿದೂ ಬಳಸಿದವರಿಗೆ 63ಬಿ ಸೆಕ್ಷನ್ ಅಡಿಯಲ್ಲಿ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ವ್ಯಾಪಾರದ ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಕೈಬಿಡಬಹುದು.

ಲೈಸೆನ್ಸ್ ಎಂದರೆ ಏನು ಎಂಬ ಪ್ರಶ್ನೆಯನ್ನು ಭಾರತದ ಸುಪ್ರೀಂ ಕೋರ್ಟ್ ವಿವರವಾಗಿ ಚರ್ಚಿಸಿದ್ದು ಬೆಂಗಳೂರಿನಿಂದ ಹೋದ ಒಂದು ತೆರಿಗೆ ಪ್ರಕರಣದಲ್ಲಿ. ವಿದೇಶದಿಂದ ತರಿಸಿದ ಸಾಫ್ಟ್‌ವೇರಿಗೆ ಕೊಟ್ಟ ಹಣ ರಾಯಲ್ಟಿ ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿಯ ಹೆಸರಿನಲ್ಲಿರುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಅದನ್ನು ತಳ್ಳಿಹಾಕಿತು. ಇಂಥ ಲೈಸೆನ್ಸಿನಿಂದ ಬಳಕೆದಾರರಿಗೆ ಕೃತಿಸ್ವಾಮ್ಯದ ಯಾವ ಹಕ್ಕೂ ದಾಟುವುದಿಲ್ಲ, ಕರಾರಿನ ಷರತ್ತಿನಂತೆ ಬಳಸುವ ಅವಕಾಶವಷ್ಟೇ ದೊರೆಯುತ್ತದೆ ಎಂಬುದು ಅದರ ತಿರುಳು. ವಾದ ತೆರಿಗೆಯದಾದರೂ, ಕೊಂಡ ಸಾಫ್ಟ್‌ವೇರಿನ ಮೇಲೆ ಕೊಂಡವರ ಅಧಿಕಾರ ಎಷ್ಟು ಕಿರಿದು ಎಂಬುದನ್ನು ಈ ತೀರ್ಪು ನಿಚ್ಚಳವಾಗಿ ತೋರಿಸುತ್ತದೆ.

ವಿಸ್ಟಾ ತಂದ ನಿಷೇಧ

ಮನೆಬಳಕೆಯ ಆಪರೇಟಿಂಗ್ ಸಿಸ್ಟಂ ಒಂದು ವರ್ಚುವಲ್ ಮಷಿನ್ ಬಗ್ಗೆ ಹೆಸರೆತ್ತಿ ಬೇಡವೆಂದದ್ದು ವಿಂಡೋಸ್ ವಿಸ್ಟಾದ ಕಾಲದಲ್ಲಿ ದೊಡ್ಡ ಸುದ್ದಿಯಾಯಿತು. 2006ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ವಿಸ್ಟಾದ ಕರಾರನ್ನು ಪ್ರಕಟಿಸಿತು. ಹೋಂ ಬೇಸಿಕ್ ಮತ್ತು ಹೋಂ ಪ್ರೀಮಿಯಂ ಎಂಬ ಅಗ್ಗದ ಆವೃತ್ತಿಗಳನ್ನು ವರ್ಚುವಲ್ ಯಂತ್ರದೊಳಗೆ ಬಳಸುವಂತಿಲ್ಲ ಎಂಬ ಸಾಲು ಅದರಲ್ಲಿತ್ತು. ಬಿಸಿನೆಸ್ ಮತ್ತು ಅಲ್ಟಿಮೇಟ್ ಆವೃತ್ತಿಗಳಿಗೆ ಆ ತಡೆ ಇರಲಿಲ್ಲ.

ಕಂಪನಿ ಮುಂದಿಟ್ಟ ಕಾರಣ ಸುರಕ್ಷತೆ. ಅದೇ ವರ್ಷದ ಆಗಸ್ಟಿನಲ್ಲಿ ಪೋಲೆಂಡಿನ ಸಂಶೋಧಕಿ ಜೊವಾನ್ನಾ ರುಟ್ಕೋವ್ಸ್ಕಾ, ಓಡುತ್ತಿರುವ ಆಪರೇಟಿಂಗ್ ಸಿಸ್ಟಮನ್ನೇ ಸದ್ದಿಲ್ಲದೆ ಒಂದು ವರ್ಚುವಲ್ ಮಷಿನ್ ಒಳಕ್ಕೆ ತಳ್ಳಿ ಕೆಳಗಿನಿಂದ ಹಿಡಿತ ಸಾಧಿಸುವ ‘ಬ್ಲೂ ಪಿಲ್’ ಎಂಬ ದಾಳಿಯನ್ನು ಪ್ರದರ್ಶಿಸಿದ್ದರು. ಆದ್ದರಿಂದ ಈ ತಂತ್ರಜ್ಞಾನ ಸಾಮಾನ್ಯ ಮನೆಬಳಕೆದಾರರಿಗೆ ಇನ್ನೂ ಹದವಾಗಿಲ್ಲ ಎಂಬುದು ಕಂಪನಿಯ ವಾದ. ಆದರೆ ಕರಾರಿನ ಒಂದು ಸಾಲು ದಾಳಿಕೋರರನ್ನು ತಡೆಯಲಾರದು. ತಡೆಯಬಲ್ಲದ್ದು ಕಾನೂನು ಪಾಲಿಸುವ ಗಿರಾಕಿಯನ್ನು ಮಾತ್ರ.

ಪೆಟ್ಟು ಬಿದ್ದದ್ದೂ ಅಂಥವರಿಗೇ. 2006ರಲ್ಲಿ ಪ್ಯಾರಲಲ್ಸ್ ಡೆಸ್ಕ್‌ಟಾಪ್ ಎಂಬ ಹೈಪರ್‌ವೈಸರ್ ಬಂದ ಮೇಲೆ ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಲ್ಲಿ ವಿಂಡೋಸ್ ಓಡಿಸುವುದು ಸುಲಭವಾಗಿತ್ತು. ಅಮೆರಿಕದಲ್ಲಿ ಹೋಂ ಬೇಸಿಕ್‌ನ ಪೂರ್ಣ ಆವೃತ್ತಿಯ ಬೆಲೆ 199 ಡಾಲರ್, ಬಿಸಿನೆಸ್‌ನದು 299, ಅಲ್ಟಿಮೇಟ್‌ನದು 399. ಮ್ಯಾಕ್ ಇಟ್ಟುಕೊಂಡವರು ಒಂದೆರಡು ವಿಂಡೋಸ್ ಪ್ರೋಗ್ರಾಂಗಳಿಗಾಗಿ ಕನಿಷ್ಠ 100 ಡಾಲರ್ ಹೆಚ್ಚು ತೆರಬೇಕಾಯಿತು. 2007ರ ಜೂನ್‌ನಲ್ಲಿ ನಿಷೇಧ ತೆಗೆಯಲು ಮುಂದಾಗಿದ್ದ ಕಂಪನಿ ಕೊನೆಗಳಿಗೆಯಲ್ಲಿ ಹಿಂದೆ ಸರಿಯಿತು. 2008ರ ಜನವರಿಯಲ್ಲಿ ಹೋಂ ಆವೃತ್ತಿಗಳಿಗೂ ಅನುಮತಿ ಕೊಟ್ಟಿತು. ವಿಸ್ಟಾ ಮಾರುಕಟ್ಟೆಗೆ ಬಂದು ಆಗ ಸುಮಾರು ಒಂದು ವರ್ಷವಾಗಿತ್ತು.

ಒಂದು ಲೈಸೆನ್ಸ್, ಒಂದು ಪ್ರತಿ

ಇಂದಿನ ವಿಂಡೋಸ್ ಕರಾರಿನಲ್ಲಿ ವರ್ಚುವಲ್ ಮಷಿನ್‌ಗೆ ನಿಷೇಧವಿಲ್ಲ, ಲೆಕ್ಕವಿದೆ. ಒಂದು ಲೈಸೆನ್ಸಿಗೆ ಒಂದೇ ಸಾಧನದಲ್ಲಿ ಒಂದೇ ಪ್ರತಿ. ಆ ಸಾಧನ ಕೈಗೆ ಸಿಗುವ ಯಂತ್ರವಾಗಿರಲಿ, ವರ್ಚುವಲ್ ಆಗಿರಲಿ, ಎರಡೂ ಸಮ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದ್ದು, ಅದರೊಳಗೆ ವರ್ಚುವಲ್ ಮಷಿನ್ ಮಾಡಿ ಇನ್ನೊಂದು ವಿಂಡೋಸ್ 11 ಹಾಕಿದರೆ ಎರಡನೆಯದಕ್ಕೆ ಬೇರೆ ಲೈಸೆನ್ಸ್ ಬೇಕು. ಪರೀಕ್ಷಿಸಿ ನೋಡಬೇಕೆನ್ನುವವರಿಗೆ ಕಂಪನಿಯೇ ಕೊಡುವ ಗಡುವಿನ ಪ್ರತಿಗಳಿವೆ: ವಿಂಡೋಸ್ 11 ಎಂಟರ್‌ಪ್ರೈಸ್ 90 ದಿನ, ವಿಂಡೋಸ್ ಸರ್ವರ್ 180 ದಿನ.

ಹೊಸ ಕಂಪ್ಯೂಟರಿನ ಜೊತೆಗೇ ಬರುವ ವಿಂಡೋಸಿಗೆ ಒಇಎಂ ಲೈಸೆನ್ಸ್ ಎನ್ನುತ್ತಾರೆ. ಇದು ಬಿಡಿಯಾಗಿ ಅಂಗಡಿಯಲ್ಲಿ ಕೊಳ್ಳುವ ಲೈಸೆನ್ಸಿಗಿಂತ ಅಗ್ಗ, ಆದರೆ ಹುಟ್ಟಿದ ಯಂತ್ರಕ್ಕೇ ಕಟ್ಟಿಹಾಕಿದ್ದು. ಯಂತ್ರ ಸತ್ತರೆ ಲೈಸೆನ್ಸೂ ಮುಗಿಯಿತು.

ಕನ್ನಡದ ಮುದ್ರಣಾಲಯ ಮತ್ತು ಡಿಟಿಪಿ ಕೇಂದ್ರಗಳಿಗೆ ಈ ವಿಷಯ ದೂರದ್ದಲ್ಲ. ಪೇಜ್‌ಮೇಕರ್‌ನಲ್ಲಿ, ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಜೋಡಿಸಿದ ಪುಸ್ತಕಗಳ ಫೈಲುಗಳು ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರಗಳಲ್ಲಿ ಉಳಿದಿರುವುದುಂಟು. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಇಲ್ಲವೇ ಫೈಲೇ ತೆರೆಯುವುದಿಲ್ಲ. ಮರುಮುದ್ರಣಕ್ಕೆ ಆ ಹಳೆಯ ಯಂತ್ರವೇ ಆಗಬೇಕು. ಯಂತ್ರ ಸೊರಗುತ್ತ ಬಂದಾಗ ತಿಳಿದವರು ಕೊಡುವ ಸಲಹೆ, ಅದರ ಇಡೀ ಹಾರ್ಡ್ ಡಿಸ್ಕನ್ನು ಒಂದು ವರ್ಚುವಲ್ ಮಷಿನ್ ಮಾಡಿ ಹೊಸ ಕಂಪ್ಯೂಟರಿಗೆ ಸಾಗಿಸುವುದು. ತಾಂತ್ರಿಕವಾಗಿ ಇದು ಅರ್ಧ ದಿನದ ಕೆಲಸ. ತೊಡಕಿರುವುದು ಹಳೆಯ ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಟಿಸಿದ, 25 ಅಕ್ಷರಗಳ ಕೀ ಅಚ್ಚಾದ ಸ್ಟಿಕ್ಕರಿನಲ್ಲಿ. ಆ ಸ್ಟಿಕ್ಕರ್ ಒಇಎಂನದಾಗಿದ್ದರೆ ಅನುಮತಿ ಇರುವುದು ಆ ಕ್ಯಾಬಿನೆಟ್ಟಿಗೆ ಮಾತ್ರ. ಡಿಸ್ಕಿನ ನಕಲು ಹೊಸ ಯಂತ್ರಕ್ಕೆ ಹೋದರೂ ಅನುಮತಿ ಹೋಗುವುದಿಲ್ಲ. ಬಿಡಿಯಾಗಿ ಕೊಂಡ ಲೈಸೆನ್ಸ್ ಆಗಿದ್ದರೆ, ಹಳೆಯ ಯಂತ್ರದಿಂದ ಅಳಿಸಿ ಹೊಸದಕ್ಕೆ ಸಾಗಿಸಬಹುದು. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿರುವುದರಿಂದ, ಅಂಥ ವರ್ಚುವಲ್ ಮಷಿನನ್ನು ಇಂಟರ್ನೆಟ್ಟಿಗೆ ಜೋಡಿಸದೆ ಬಳಸುವುದು ಕ್ಷೇಮ.

ಇಂಥ ಅಗತ್ಯವನ್ನು ಮೈಕ್ರೋಸಾಫ್ಟ್ ಒಮ್ಮೆ ತಾನೇ ಒಪ್ಪಿಕೊಂಡಿತ್ತು. 2009ರಲ್ಲಿ ವಿಂಡೋಸ್ 7 ಬಂದಾಗ, ಅದರ ಪ್ರೊಫೆಷನಲ್, ಎಂಟರ್‌ಪ್ರೈಸ್ ಮತ್ತು ಅಲ್ಟಿಮೇಟ್ ಆವೃತ್ತಿಗಳಿಗೆ ‘ಎಕ್ಸ್‌ಪಿ ಮೋಡ್’ ಎಂಬ ಸೌಲಭ್ಯ ಕೊಟ್ಟಿತು. ಎಕ್ಸ್‌ಪಿ ತುಂಬಿದ ಸಿದ್ಧ ವರ್ಚುವಲ್ ಮಷಿನ್, ಲೈಸೆನ್ಸ್ ಸಮೇತ, ಹೆಚ್ಚಿನ ಹಣವಿಲ್ಲದೆ. ಹೋಂ ಆವೃತ್ತಿ ಕೊಂಡವರಿಗೆ ಮಾತ್ರ ಅದು ಸಿಗಲಿಲ್ಲ. ತಂತ್ರಜ್ಞಾನ ಎಲ್ಲರಿಗೂ ಒಂದೇ ಇದ್ದರೂ ಅನುಮತಿ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆಂಬುದಕ್ಕೆ ಇದು ನಿದರ್ಶನ.

ಆಪಲ್ ತನ್ನದೇ ಎಂ1 ಚಿಪ್‌ಗೆ ಹೊರಳಿದಾಗ ಇನ್ನೊಂದು ಬಗೆಯ ಗೋಜಲು ಎದ್ದಿತು. ಆ ಮ್ಯಾಕ್‌ಗಳಲ್ಲಿ ಓಡಬಲ್ಲದ್ದು ಆರ್ಮ್ ಎಂಬ ಬಗೆಯ ಪ್ರೊಸೆಸರಿಗೆ ಮಾಡಿದ ವಿಂಡೋಸ್. ಅದನ್ನು ಮೈಕ್ರೋಸಾಫ್ಟ್ ಕಂಪ್ಯೂಟರ್ ತಯಾರಕರಿಗೆ ಕೊಡುತ್ತಿತ್ತೇ ಹೊರತು ಬಿಡಿ ಗಿರಾಕಿಗೆ ಮಾರುತ್ತಿರಲಿಲ್ಲ. ವರ್ಚುವಲ್ ಮಷಿನ್‌ನಲ್ಲಿ ಅದು ಚೆನ್ನಾಗಿ ಓಡುತ್ತಿದ್ದರೂ ಅನುಮತಿ ಇದೆಯೇ ಎಂಬುದು ಮಸುಕಾಗಿಯೇ ಇತ್ತು. 2023ರ ಫೆಬ್ರವರಿಯಲ್ಲಿ, ಪ್ಯಾರಲಲ್ಸ್ ಡೆಸ್ಕ್‌ಟಾಪ್ 18ರ ಮೂಲಕ ಎಂ1, ಎಂ2 ಮ್ಯಾಕ್‌ಗಳಲ್ಲಿ ವಿಂಡೋಸ್ 11ರ ಪ್ರೊ ಮತ್ತು ಎಂಟರ್‌ಪ್ರೈಸ್ ಆವೃತ್ತಿ ಓಡಿಸಲು ಮೈಕ್ರೋಸಾಫ್ಟ್ ಅಧಿಕೃತವಾಗಿ ಒಪ್ಪಿತು.

ಸರ್ವರ್ ಕೋಣೆಯ ಲೆಕ್ಕ

ಹಣದ ದೃಷ್ಟಿಯಿಂದ ಲೈಸೆನ್ಸ್ ಮಿತಿ ಹೆಚ್ಚು ಭಾರವಾಗುವುದು ಸರ್ವರ್‌ಗಳಲ್ಲಿ. ವಿಂಡೋಸ್ ಸರ್ವರ್ 2003ರ ಆರ್2 ಎಂಟರ್‌ಪ್ರೈಸ್ ಆವೃತ್ತಿ ಒಂದು ಲೈಸೆನ್ಸಿಗೆ 4 ವರ್ಚುವಲ್ ಪ್ರತಿಗಳನ್ನು ಓಡಿಸಲು ಬಿಟ್ಟಿತು. ಡೇಟಾಸೆಂಟರ್ ಆವೃತ್ತಿಗೆ 2006ರಿಂದ ಮಿತಿಯೇ ಇಲ್ಲವಾಯಿತು. 2012ರ ಆವೃತ್ತಿಯಿಂದ ಉಳಿದದ್ದು ಮುಖ್ಯವಾಗಿ ಎರಡು ದಾರಿ: ಸ್ಟ್ಯಾಂಡರ್ಡ್‌ಗೆ ಎರಡು ವರ್ಚುವಲ್ ಮಷಿನ್, ಡೇಟಾಸೆಂಟರ್‌ಗೆ ಲೆಕ್ಕವಿಲ್ಲದಷ್ಟು. 2016ರ ಆವೃತ್ತಿಯಿಂದ ಎಣಿಕೆಯ ಘಟಕ ಪ್ರೊಸೆಸರಿನಿಂದ ಕೋರ್‌ಗೆ ಇಳಿಯಿತು. ಕೋರ್ ಎಂದರೆ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಒಂದು ಭಾಗ. ಪ್ರತಿ ಪ್ರೊಸೆಸರಿಗೆ ಕನಿಷ್ಠ 8 ಕೋರ್, ಪ್ರತಿ ಸರ್ವರಿಗೆ ಕನಿಷ್ಠ 16 ಕೋರ್‌ಗೆ ಲೈಸೆನ್ಸ್ ಪಡೆಯಲೇಬೇಕು.

16 ಕೋರ್‌ನ ಒಂದು ಸರ್ವರನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ ನಿಯಮ ಮನದಟ್ಟಾಗುತ್ತದೆ. ಸ್ಟ್ಯಾಂಡರ್ಡ್ ಲೈಸೆನ್ಸನ್ನು ಎಲ್ಲ 16 ಕೋರ್‌ಗೂ ಕೊಂಡರೆ ಎರಡು ವರ್ಚುವಲ್ ಮಷಿನ್‌ಗೆ ಹಕ್ಕು ಬರುತ್ತದೆ. ಮೂರನೆಯದು ಬೇಕೆಂದರೆ 16 ಕೋರ್‌ಗೂ ಇನ್ನೊಮ್ಮೆ ಕೊಳ್ಳಬೇಕು. ಆಗ ನಾಲ್ಕಕ್ಕೆ ಹಕ್ಕು. ಆರು ಬೇಕಾದರೆ ಮೂರು ಸಲ. ವಿಂಡೋಸ್ ಸರ್ವರ್ 2022ರ ಅಮೆರಿಕದ ಪಟ್ಟಿ ದರ 16 ಕೋರ್‌ಗೆ ಸ್ಟ್ಯಾಂಡರ್ಡ್‌ನಲ್ಲಿ 1,069 ಡಾಲರ್, ಡೇಟಾಸೆಂಟರ್‌ನಲ್ಲಿ 6,155 ಡಾಲರ್ ಇತ್ತು. ಆ ದರದಲ್ಲಿ ಹತ್ತು ವರ್ಚುವಲ್ ಮಷಿನ್‌ಗಳಿಗೆ ಐದು ಸಲ ಸ್ಟ್ಯಾಂಡರ್ಡ್ ಕೊಂಡರೆ 5,345 ಡಾಲರ್ ಆಗುತ್ತದೆ. ಹನ್ನೊಂದನೆಯದು ಬಂತೆಂದರೆ ಆರನೇ ಸಲ ಕೊಂಡು ಮೊತ್ತ 6,414ಕ್ಕೆ ಏರುತ್ತದೆ, ಅಲ್ಲಿಗೆ ಡೇಟಾಸೆಂಟರ್ ಅಗ್ಗವಾಗುತ್ತದೆ. ಸರ್ವರನ್ನು ಬಳಸುವ ಜನ ಅಥವಾ ಸಾಧನಗಳಿಗೆ ತೆಗೆದುಕೊಳ್ಳಬೇಕಾದ ಲೈಸೆನ್ಸ್ ಇದರ ಮೇಲೆ ಬೇರೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಇನ್ನೊಂದು ಕಡೆ. ವರ್ಚುವಲ್ ಮಷಿನ್‌ನ ದೊಡ್ಡ ಅನುಕೂಲವೆಂದರೆ ಒಂದು ಸರ್ವರ್ ಕೆಟ್ಟರೆ ಅದರಲ್ಲಿದ್ದ ಮಷಿನ್‌ಗಳು ನಿಮಿಷಗಳಲ್ಲಿ ಪಕ್ಕದ ಸರ್ವರಿನಲ್ಲಿ ಎದ್ದು ನಿಲ್ಲುತ್ತವೆ. ಆದರೆ ಲೈಸೆನ್ಸ್ ಹಾಗೆ ಹಾರುವುದಿಲ್ಲ. ಒಂದು ಸರ್ವರಿಗೆ ಕೊಟ್ಟ ಲೈಸೆನ್ಸನ್ನು ಇನ್ನೊಂದಕ್ಕೆ ವರ್ಗಾಯಿಸಲು ಸಾಮಾನ್ಯವಾಗಿ 90 ದಿನ ಕಾಯಬೇಕೆಂಬುದು ನಿಯಮ. ಎರಡು ಸರ್ವರ್‌ಗಳಲ್ಲಿ ತಲಾ ಆರು ಮಷಿನ್‌ಗಳಿದ್ದು, ಒಂದು ಕೆಟ್ಟಾಗ ಹನ್ನೆರಡೂ ಇನ್ನೊಂದರಲ್ಲಿ ಓಡಬೇಕೆಂದಿದ್ದರೆ, ಎರಡೂ ಸರ್ವರಿಗೆ ತಲಾ ಹನ್ನೆರಡರ ಲೈಸೆನ್ಸ್ ಮೊದಲೇ ಇರಬೇಕು. ಆರಾರಕ್ಕೆ ಮಾತ್ರ ಕೊಂಡಿರುವ ಸಂಸ್ಥೆ, ತುರ್ತಿನ ಆ ಗಳಿಗೆಯಲ್ಲಿ ತನಗೆ ಅರಿವಿಲ್ಲದೆಯೇ ಕರಾರು ಮೀರಿರುತ್ತದೆ. 2022ರ ಅಕ್ಟೋಬರಿನಿಂದ, ಚಂದಾ ಕಟ್ಟುವ ಗಿರಾಕಿಗಳು ಕೆಳಗಿನ ಯಂತ್ರವನ್ನು ಬಿಟ್ಟು ಒಂದೊಂದು ವರ್ಚುವಲ್ ಮಷಿನ್‌ಗೇ ಲೈಸೆನ್ಸ್ ಪಡೆಯುವ ದಾರಿಯೂ ತೆರೆದಿದೆ. ಅಲ್ಲಿ ಪ್ರತಿ ಮಷಿನ್‌ಗೆ ಕನಿಷ್ಠ 8 ಕೋರ್ ಲೆಕ್ಕ.

ಸರ್ವರ್ ಕರಾರು ಸಾಮಾನ್ಯವಾಗಿ ಎಣಿಸುವುದು ಓಡುತ್ತಿರುವ ಪ್ರತಿಗಳನ್ನು. ನಿಲ್ಲಿಸಿ ಡಿಸ್ಕಿನಲ್ಲಿ ಇಟ್ಟ ಪ್ರತಿಗಳು ಎಣಿಕೆಗೆ ಬರುವುದಿಲ್ಲ. ಮನೆಬಳಕೆಯ ವಿಂಡೋಸ್ ಕರಾರು ಇನ್‌ಸ್ಟಾಲ್ ಮಾಡಿದ್ದನ್ನೇ ಎಣಿಸುತ್ತದೆ. ಒಂದೇ ಕಂಪನಿಯ ಎರಡು ಕರಾರುಗಳಲ್ಲೂ ‘ಒಂದು’ ಎಂಬುದರ ಅರ್ಥ ಬೇರೆ.

ಆಪಲ್‌ನ ‘ಎರಡು’

ಮೈಕ್ರೋಸಾಫ್ಟ್ ಆಪರೇಟಿಂಗ್ ಸಿಸ್ಟಂ ಮಾರಿ ಬದುಕಿದ ಕಂಪನಿ. ಆಪಲ್ ಯಂತ್ರ ಮಾರಿ ಬದುಕುವ ಕಂಪನಿ. ಎರಡರ ಮಿತಿಗಳೂ ಅದಕ್ಕೆ ತಕ್ಕಂತೆ ಇವೆ. ಮ್ಯಾಕ್‌ಒಎಸ್‌ಗೆ ಈಗ ಪ್ರತ್ಯೇಕ ಬೆಲೆ ಇಲ್ಲ, ಆದರೆ ಅದನ್ನು ಆಪಲ್ ಹೆಸರಿನ ಯಂತ್ರದಲ್ಲಲ್ಲದೆ ಬೇರೆಲ್ಲೂ ಓಡಿಸುವಂತಿಲ್ಲ. ವಿಂಡೋಸ್ ಪಿಸಿಯ ಒಳಗಿನ ವರ್ಚುವಲ್ ಮಷಿನ್‌ನಲ್ಲಿ ಮ್ಯಾಕ್‌ಒಎಸ್ ಹಾಕುವುದು ಕರಾರಿಗೆ ವಿರುದ್ಧ.

ಮ್ಯಾಕ್‌ನೊಳಗೇ ಮ್ಯಾಕ್ ಓಡಿಸಲೂ ಬಹಳ ಕಾಲ ಅನುಮತಿ ಇರಲಿಲ್ಲ. 2007ರ ಅಕ್ಟೋಬರಿನಲ್ಲಿ ಮ್ಯಾಕ್ ಆಪರೇಟಿಂಗ್ ಸಿಸ್ಟಂ ಲೆಪರ್ಡ್‌ನ ಸರ್ವರ್ ಆವೃತ್ತಿಗೆ ಮೊದಲು ಬಾಗಿಲು ತೆರೆಯಿತು. 2011ರ ಜುಲೈನಲ್ಲಿ ಬಂದ ಲಯನ್‌ನಿಂದ ಸಾಮಾನ್ಯ ಆವೃತ್ತಿಗೂ ಅವಕಾಶ ದೊರೆಯಿತು: ಈಗಾಗಲೇ ಮ್ಯಾಕ್‌ಒಎಸ್ ಓಡುತ್ತಿರುವ ಪ್ರತಿ ಮ್ಯಾಕ್‌ನಲ್ಲಿ ಇನ್ನೂ ಎರಡು ವರ್ಚುವಲ್ ಪ್ರತಿ. ಉದ್ದೇಶಗಳನ್ನೂ ಕರಾರು ಹೆಸರಿಸುತ್ತದೆ. ಸಾಫ್ಟ್‌ವೇರ್ ಕಟ್ಟುವುದು, ಕಟ್ಟುವಾಗ ಪರೀಕ್ಷಿಸುವುದು, ಸರ್ವರ್ ಆಗಿ ಬಳಸುವುದು, ವ್ಯಾಪಾರವಲ್ಲದ ಸ್ವಂತ ಬಳಕೆ. ಎಂ1 ಮತ್ತು ಆಮೇಲಿನ ಚಿಪ್‌ಗಳ ಮ್ಯಾಕ್‌ಗಳಲ್ಲಿ ಈ ಮಿತಿ ಕಾಗದದಲ್ಲಷ್ಟೇ ಉಳಿದಿಲ್ಲ. ಮೂರನೆಯ ಮ್ಯಾಕ್‌ಒಎಸ್ ವರ್ಚುವಲ್ ಮಷಿನ್ ಚಾಲೂ ಮಾಡಹೋದರೆ ಮಿತಿ ಮೀರಿದೆಯೆಂಬ ಸಂದೇಶ ಬಂದು ಆಪರೇಟಿಂಗ್ ಸಿಸ್ಟಮೇ ತಡೆಯುತ್ತದೆ. ಅದೇ ಯಂತ್ರದಲ್ಲಿ ಲಿನಕ್ಸ್ ಮಷಿನ್‌ಗಳನ್ನು ಎಷ್ಟು ಬೇಕಾದರೂ ಓಡಿಸಬಹುದು. ಮೆಮೊರಿ ಸಾಲಬೇಕು, ಅಷ್ಟೆ.

ಆಪಲ್ ಯಂತ್ರದಲ್ಲೇ ಓಡಬೇಕೆಂಬ ಷರತ್ತು ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಳಗಾಗಿದೆ. 2008ರಲ್ಲಿ ಅಮೆರಿಕದ ಫ್ಲಾರಿಡಾದ ಸೈಸ್ಟಾರ್ ಎಂಬ ಪುಟ್ಟ ಕಂಪನಿ ಸಾಮಾನ್ಯ ಪಿಸಿಗಳಿಗೆ ಮ್ಯಾಕ್ ಆಪರೇಟಿಂಗ್ ಸಿಸ್ಟಂ ಹಾಕಿ ಮಾರತೊಡಗಿತು. ಆಪಲ್ ದಾವೆ ಹೂಡಿತು. 2009ರ ನವೆಂಬರಿನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಆಪಲ್ ಪರ ತೀರ್ಪು ಕೊಟ್ಟರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿದ್ದದ್ದು ವರ್ಚುವಲ್ ಮಷಿನ್ ಅಲ್ಲದಿದ್ದರೂ, ಯಾವ ಯಂತ್ರದಲ್ಲಿ ಓಡಬೇಕೆಂದು ನಿಗದಿ ಮಾಡುವ ಹಕ್ಕು ಸಾಫ್ಟ್‌ವೇರಿನ ಒಡೆಯನಿಗಿದೆ ಎಂಬ ತತ್ವ ಇಲ್ಲಿಗೂ ಸಲ್ಲುತ್ತದೆ.

ಬಾಡಿಗೆ ಯಂತ್ರಗಳು

ಕ್ಲೌಡ್ ಸೇವೆಯಲ್ಲಿ ಕಂಪ್ಯೂಟರ್ ಇನ್ನೊಬ್ಬರದು, ಹೈಪರ್‌ವೈಸರ್ ಅವರದು. ಗಿರಾಕಿಯದು ಗಂಟೆ ಲೆಕ್ಕದ ಬಾಡಿಗೆ. ಇಲ್ಲಿ ಲೈಸೆನ್ಸಿನ ಷರತ್ತು ಸೇವೆಯ ರೂಪವನ್ನೇ ತಿದ್ದುತ್ತದೆ. ಆಪಲ್ 2020ರ ಬಿಗ್ ಸರ್ ಆವೃತ್ತಿಯ ಕರಾರಿನಲ್ಲಿ, ಸಾಫ್ಟ್‌ವೇರ್ ಅಭಿವೃದ್ಧಿಯ ಕೆಲಸಕ್ಕೆ ಮ್ಯಾಕ್ ಬಾಡಿಗೆ ಕೊಡಲು ಒಪ್ಪಿ, ಬಾಡಿಗೆ ಅವಧಿ ಕನಿಷ್ಠ 24 ಗಂಟೆ ಇರಬೇಕೆಂದಿತು. ಅದೇ ವರ್ಷದ ನವೆಂಬರ್ 30ರಂದು ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ಮ್ಯಾಕ್ ಸೇವೆ ಪ್ರಕಟಿಸಿತು. ಅದರ ದತ್ತಾಂಶ ಕೇಂದ್ರದಲ್ಲಿ ನಿಜವಾದ ಮ್ಯಾಕ್ ಪೆಟ್ಟಿಗೆಗಳೇ ಕೂತಿವೆ, ಒಬ್ಬ ಗಿರಾಕಿಗೆ ಒಂದು ಇಡೀ ಪೆಟ್ಟಿಗೆ, ಕನಿಷ್ಠ ಅವಧಿ 24 ಗಂಟೆ. ಹತ್ತು ನಿಮಿಷದ ಪರೀಕ್ಷೆಗೂ ದಿನದ ಬಾಡಿಗೆ ತಪ್ಪದು. ಲಿನಕ್ಸ್ ಯಂತ್ರಗಳನ್ನು ಸೆಕೆಂಡ್ ಲೆಕ್ಕದಲ್ಲಿ ಕೊಡುವ ಅದೇ ಕಂಪನಿ ಇಲ್ಲಿ ದಿನದ ಲೆಕ್ಕಕ್ಕೆ ಬಂದದ್ದು ಕರಾರಿನ ಆ ಒಂದು ಸಾಲಿನಿಂದ.

ವಿಂಡೋಸ್ ಕಥೆಯೂ ಹೀಗೇ ಇದೆ. 2012ರಲ್ಲಿ ಆನ್‌ಲೈವ್ ಎಂಬ ಕಂಪನಿ ಐಪ್ಯಾಡ್‌ನಲ್ಲಿ ವಿಂಡೋಸ್ 7 ಡೆಸ್ಕ್‌ಟಾಪ್ ಒದಗಿಸತೊಡಗಿತು. ಡೆಸ್ಕ್‌ಟಾಪ್ ವಿಂಡೋಸನ್ನು ಹಾಗೆ ಸೇವೆಯಾಗಿ ಬಾಡಿಗೆಗೆ ಕೊಡಲು ಅನುಮತಿ ಇಲ್ಲವೆಂದು ಮೈಕ್ರೋಸಾಫ್ಟ್ ಬಹಿರಂಗವಾಗಿ ಹೇಳಿತು. ಕೆಲವೇ ವಾರಗಳಲ್ಲಿ ಆನ್‌ಲೈವ್ ವಿಂಡೋಸ್ ಸರ್ವರ್ 2008 ಆರ್2ಗೆ ಬದಲಾಯಿಸಿಕೊಂಡಿತು. ಅಮೆಜಾನ್‌ನ ವರ್ಕ್‌ಸ್ಪೇಸಸ್ ಸೇವೆಯೂ ಮೊದಲಿಗೆ ಸರ್ವರ್ ಆವೃತ್ತಿಗೇ ವಿಂಡೋಸ್ 7ರ ವೇಷ ತೊಡಿಸಿ ಕೊಡುತ್ತಿತ್ತು. ಗಿರಾಕಿಗೆ ಕಾಣುವುದು ಮನೆಯ ವಿಂಡೋಸ್, ಕೆಳಗೆ ಓಡುವುದು ಸರ್ವರ್. ಕಾರಣ ತಾಂತ್ರಿಕವಲ್ಲ.

2019ರ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್ ನಿಯಮ ಬಿಗಿಮಾಡಿತು. ಹೊಸದಾಗಿ ಕೊಂಡ ಹಲವು ಲೈಸೆನ್ಸ್‌ಗಳನ್ನು ಅಮೆಜಾನ್, ಗೂಗಲ್, ಅಲಿಬಾಬಾ ಕ್ಲೌಡ್‌ಗಳಲ್ಲಿ ಮೊದಲಿನಂತೆ ಬಳಸುವಂತಿಲ್ಲ ಎಂದಾಯಿತು. ಪಟ್ಟಿಯಲ್ಲಿ ತನ್ನದೇ ಕ್ಲೌಡ್ ಅಜ್ಯೂರ್ ಹೆಸರೂ ಇತ್ತಾದರೂ, ಅಲ್ಲಿಗೆ ಬರುವ ಗಿರಾಕಿಗಳಿಗೆ ರಿಯಾಯಿತಿಯ ದಾರಿ ಬೇರೆ ಇತ್ತು. ಯುರೋಪಿನ ಕ್ಲೌಡ್ ಕಂಪನಿಗಳ ಒಕ್ಕೂಟ ಸಿಸ್ಪೆ 2022ರ ನವೆಂಬರಿನಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತು; 2024ರ ಜುಲೈನಲ್ಲಿ ಎರಡೂ ಕಡೆಯವರು ರಾಜಿಯಾದರು. ಲೈಸೆನ್ಸ್ ಮಿತಿ ಬೆಲೆ ನಿಗದಿಯ ಸಾಧನವಾಗಿ ಹುಟ್ಟಿ, ಯಾರ ಯಂತ್ರ ಬಾಡಿಗೆಗೆ ಪಡೆಯಬೇಕೆಂದು ಗಿರಾಕಿಯನ್ನು ಒಂದು ಕಡೆಗೆ ಒತ್ತುವ ಸಾಧನವಾಗಿ ಬೆಳೆದರೆ, ಅದು ಆರೋಗ್ಯಕರ ಪೈಪೋಟಿಗೆ ಪೆಟ್ಟು. ಈ ದೂರಿನ ಹಿಂದಿದ್ದ ಆತಂಕ ಅದೇ.

ಲಿನಕ್ಸ್: ಪ್ರತಿಗೆ ಮಿತಿಯಿಲ್ಲ

ಲಿನಕ್ಸ್‌ನ ತಿರುಳಾದ ಕರ್ನಲ್ ಜಿಪಿಎಲ್ ಎಂಬ ಲೈಸೆನ್ಸಿನ ಎರಡನೇ ಆವೃತ್ತಿಯಡಿ ಇದೆ. ಪ್ರೋಗ್ರಾಮನ್ನು ಓಡಿಸುವುದಕ್ಕೆ ಆ ಲೈಸೆನ್ಸ್ ಯಾವ ಕಟ್ಟೂ ಹಾಕುವುದಿಲ್ಲ. ಅದರ ಷರತ್ತುಗಳು ಹಂಚುವಾಗ, ತಿದ್ದಿ ಹಂಚುವಾಗ ಬರುವಂಥವು. ಉಬುಂಟು, ಡೆಬಿಯನ್, ಫೆಡೋರಾದಂಥ ಲಿನಕ್ಸ್ ಆವೃತ್ತಿಗಳನ್ನು ಒಂದು ಯಂತ್ರದಲ್ಲಿ ಒಂದು ಸಲವೋ ನೂರು ಸಲವೋ ಓಡಿಸಿದರೂ ಕೇಳುವವರಿಲ್ಲ. ಕಾಲೇಜು ಪ್ರಯೋಗಾಲಯದಲ್ಲಿ ಅರವತ್ತು ವಿದ್ಯಾರ್ಥಿಗಳಿಗೆ ಅರವತ್ತು ವರ್ಚುವಲ್ ಮಷಿನ್ ಬೇಕಾದಾಗ ಇದರ ಬೆಲೆ ತಿಳಿಯುತ್ತದೆ.

ಆದರೆ ಲಿನಕ್ಸ್ ಎಂದೊಡನೆ ಎಲ್ಲವೂ ಉಚಿತವೆಂದಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಂಥವು ಚಂದಾ ಲೆಕ್ಕದಲ್ಲಿ ಸಿಗುತ್ತವೆ; ಹಣ ಕೊಡುವುದು ಸುರಕ್ಷತಾ ಪರಿಷ್ಕರಣೆ ಮತ್ತು ಬೆಂಬಲಕ್ಕೆ. ಅದರ ಸಾಮಾನ್ಯ ಚಂದಾ ಎರಡು ಪ್ರೊಸೆಸರ್ ಸಾಕೆಟ್‌ನ ಒಂದು ಯಂತ್ರಕ್ಕೆ ಅಥವಾ ಎರಡು ವರ್ಚುವಲ್ ಮಷಿನ್‌ಗೆ ಸಲ್ಲುತ್ತದೆ. ಮಿತಿಯಿಲ್ಲದ ಮಷಿನ್‌ಗಳಿಗೆ ಬೇರೆ ಚಂದಾ ಇದೆ. ರೆಡ್ ಹ್ಯಾಟ್ ಕಂಪನಿ ಒಬ್ಬೊಬ್ಬ ಡೆವಲಪರ್‌ಗೆ 16 ಯಂತ್ರಗಳವರೆಗೆ ಹಣವಿಲ್ಲದೆ ಬಳಸುವ ಅವಕಾಶವನ್ನು 2021ರಲ್ಲಿ ಕೊಟ್ಟಿತು.

ಆಪರೇಟಿಂಗ್ ಸಿಸ್ಟಂ ಅಲ್ಲದೆ ಹೈಪರ್‌ವೈಸರಿಗೂ ಕರಾರಿದೆ. ವರ್ಚುವಲ್‌ಬಾಕ್ಸ್‌ನ ಮೂಲ ಪ್ಯಾಕೇಜ್ ಮುಕ್ತ, ಆದರೆ ಅದರ ಎಕ್ಸ್‌ಟೆನ್ಷನ್ ಪ್ಯಾಕ್ ಸ್ವಂತ ಬಳಕೆಗೆ, ಕಲಿಕೆಗೆ ಉಚಿತ. ಕಚೇರಿಯಲ್ಲಿ ಹಾಕಿಕೊಂಡರೆ ಅದರ ಒಡೆಯ ಒರಾಕಲ್‌ನಿಂದ ಲೈಸೆನ್ಸ್ ಬೇಕು. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರಿನಿಂದ ಕಚೇರಿ ಬಳಕೆಗೂ ಉಚಿತವಾಗಿದೆ.

ಮಿತಿಯನ್ನು ಕಾಯುವ ಬಗೆ

ಕೆಲವು ಮಿತಿಗಳನ್ನು ಸಾಫ್ಟ್‌ವೇರೇ ಕಾಯುತ್ತದೆ. ವಿಂಡೋಸ್‌ನ ಆಕ್ಟಿವೇಷನ್ ಯಂತ್ರದ ಗುರುತನ್ನು ಕೀ ಜೊತೆ ತಾಳೆ ನೋಡುತ್ತದೆ. ಆಪಲ್‌ನ ಹೊಸ ಮ್ಯಾಕ್‌ಗಳು ಮೂರನೆಯ ಮಷಿನನ್ನು ತಡೆಯುತ್ತವೆ. ಕೆಲವನ್ನು ಕಾಯುವುದು ಕಾಗದ ಮಾತ್ರ. ವಿಸ್ಟಾ ಹೋಂ ವರ್ಚುವಲ್ ಮಷಿನ್‌ನಲ್ಲಿ ಸಲೀಸಾಗಿ ಇನ್‌ಸ್ಟಾಲ್ ಆಗುತ್ತಿತ್ತು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನಲ್ಲೂ ಮೂರನೆಯ ಮಷಿನ್ ಎದ್ದು ನಿಲ್ಲದಂತೆ ಹೈಪರ್‌ವೈಸರ್ ಅಡ್ಡಗಟ್ಟುವುದಿಲ್ಲ. ಇಂಥ ಕಡೆ ಲೆಕ್ಕ ಹೊರಬೀಳುವುದು ಆಡಿಟ್‌ನಲ್ಲಿ, ಕಂಪನಿಯ ಪತ್ರ ಬಂದು ಸರ್ವರ್, ಕೋರ್, ಮಷಿನ್‌ಗಳ ಪಟ್ಟಿ ಕೇಳಿದಾಗ. ಆಗ ‘ಓಡಿತು, ಆದ್ದರಿಂದ ಓಡಿಸಿದೆವು’ ಎಂಬುದು ಉತ್ತರವಾಗುವುದಿಲ್ಲ.

ಹೊಸ ವರ್ಚುವಲ್ ಮಷಿನ್ ಮಾಡುವ ಮುನ್ನ ಬಳಕೆದಾರರು ಕರಾರಿನಲ್ಲಿ ಹುಡುಕಬೇಕಾದದ್ದು ನಾಲ್ಕು ಸಂಗತಿ. ಲೈಸೆನ್ಸ್ ಎಣಿಸುವುದು ಏನನ್ನು: ಯಂತ್ರವನ್ನೋ, ಪ್ರತಿಯನ್ನೋ, ಕೋರನ್ನೋ, ಬಳಸುವ ಜನರನ್ನೋ? ಅದು ಯಂತ್ರಕ್ಕೆ ಕಟ್ಟಿದ್ದೋ, ಸಾಗಿಸಬಹುದಾದದ್ದೋ? ಕೆಳಗಿನ ಯಂತ್ರ ಯಾರದಿರಬೇಕು, ಯಾವ ಕಂಪನಿಯದಿರಬೇಕು? ಉದ್ದೇಶಕ್ಕೆ ಕಟ್ಟುಪಾಡಿದೆಯೇ? ಇವಕ್ಕೆ ಉತ್ತರ ಸಿಗದಿದ್ದರೆ ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆ ಅಥವಾ ಕಂಪನಿಯೇ ಕೊಡುವ ಗಡುವಿನ ಪ್ರತಿ ಸುರಕ್ಷಿತ ದಾರಿ. ಕೊಂಡ ಬಿಲ್ಲು, ಕೀ ಇರುವ ಸ್ಟಿಕ್ಕರ್, ಒಪ್ಪಿದ ಕರಾರಿನ ಪ್ರತಿ, ಯಾವ ಮಷಿನ್‌ಗೆ ಯಾವ ಲೈಸೆನ್ಸ್ ಎಂಬ ಒಂದು ಪುಟದ ಪಟ್ಟಿ, ಇಷ್ಟನ್ನು ಒಂದು ಕಡತದಲ್ಲಿ ಜೋಡಿಸಿಡಬೇಕು. ಸಣ್ಣ ಮುದ್ರಣಾಲಯಕ್ಕೂ ದೊಡ್ಡ ಕಚೇರಿಗೂ ಆ ಕಡತವೇ ಆಧಾರ.